ಎರಡು ಬಾಗಿಲಿನ ಆಟ: ಪುಟ್ಟ ಮಕ್ಕಳ ಖಿನ್ನತೆಯ ಒಂದು ಪ್ರಕರಣ

ನಾಲ್ಕು ವರ್ಷದ ಮಗು ಕಂಪ್ಯೂಟರ್ ಮುಂದೆ ಕೂತಿದೆ. ತಲೆಗೆ ಬಿಗಿಯಾದ ಟೋಪಿ, ಟೋಪಿಯ ತುಂಬ ಮಿದುಳಿನ ವಿದ್ಯುತ್ತನ್ನು ಅಳೆಯುವ ಪುಟ್ಟ ಎಲೆಕ್ಟ್ರೋಡ್‌ಗಳು. ಪರದೆಯ ಮೇಲೆ ಎರಡು ಬಾಗಿಲು ಕಾಣುತ್ತವೆ. ಒಂದನ್ನು ಆರಿಸಬೇಕು. ಆರಿಸಿದ ಬಾಗಿಲು ಸರಿಯಾಗಿದ್ದರೆ ಪಾಯಿಂಟ್ ಬರುತ್ತದೆ, ತಪ್ಪಾಗಿದ್ದರೆ ಕೈಲಿದ್ದ ಪಾಯಿಂಟ್ ಹೋಗುತ್ತದೆ. ಆಟ ಮುಗಿಯುವ ಹೊತ್ತಿಗೆ ಸಾಕಷ್ಟು ಪಾಯಿಂಟ್ ಸೇರಿದ್ದರೆ ಪಕ್ಕದ ಬುಟ್ಟಿಯಿಂದ ಇಷ್ಟವಾದ ಒಂದು ಆಟಿಕೆ ಎತ್ತಿಕೊಳ್ಳಬಹುದು.

ಅಮೆರಿಕದ ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ಊರಿನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಇಂಥ 84 ಮಕ್ಕಳು ಈ ಆಟ ಆಡಿದರು. ಎಲ್ಲರೂ 4ರಿಂದ 7 ವರ್ಷದವರು. ಕೆಲವರಿಗೆ ಖಿನ್ನತೆ ಇತ್ತು, ಕೆಲವರು ಆರೋಗ್ಯವಾಗಿದ್ದರು. ಆಂಡ್ರ್ಯೂ ಬೆಲ್ಡನ್, ಜೋನ್ ಲೂಬಿ, ಡಿಯಾನಾ ಬಾರ್ಚ್ ಮತ್ತು ಅವರ ತಂಡದವರು 2016ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಖಿನ್ನತೆ ಅಂದಕೂಡಲೇ ‘ಅಷ್ಟು ಚಿಕ್ಕ ಮಕ್ಕಳಿಗೇನು ಚಿಂತೆ?’ ಅನ್ನುವವರು ನಮ್ಮಲ್ಲಿ ಜಾಸ್ತಿ. ಅವರಿಗೆಲ್ಲ ನಾನು ಮೊದಲು ಹೇಳಲು ಬಯಸುವುದು ಈ ಪ್ರಕರಣವನ್ನೇ. ಖಿನ್ನತೆಯಲ್ಲಿರುವ ಮಗುವಿನ ಮಿದುಳಿನಲ್ಲಿ ಏನು ಕುಂದುತ್ತದೆ, ಏನು ಹಾಗೇ ಉಳಿಯುತ್ತದೆ ಎನ್ನುವುದು ಇಲ್ಲಿ ಬಿಡಿಸಿಟ್ಟಂತೆ ಕಾಣುತ್ತದೆ.

ಈ ಮಕ್ಕಳು ಯಾರು?

ಜೋನ್ ಲೂಬಿ ಮಕ್ಕಳ ಮನೋವೈದ್ಯೆ. ಶಾಲೆಗೆ ಹೋಗುವ ಮೊದಲೇ ಖಿನ್ನತೆ ಬರಬಹುದು ಎಂದು ಅವರು ಹೇಳಲು ಶುರು ಮಾಡಿದಾಗ ಬಹಳಷ್ಟು ವೈದ್ಯರೇ ಒಪ್ಪಿರಲಿಲ್ಲ. ಅಷ್ಟು ಚಿಕ್ಕ ಮನಸ್ಸಿಗೆ ಖಿನ್ನತೆ ಹೊರುವಷ್ಟು ಬೆಳವಣಿಗೆಯೇ ಆಗಿರುವುದಿಲ್ಲ ಎನ್ನುವುದು ಬಹುಕಾಲದ ನಂಬಿಕೆ. ಹಾಗಂತ ಯಾರೂ ಏನೂ ನೋಡಿರಲಿಲ್ಲ ಅಂತಲ್ಲ. ತಾಯಿಯಿಂದ ದೂರವಾದ ಕೂಸುಗಳು ಅಳು ನಿಲ್ಲಿಸಿ, ಊಟ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಬಿದ್ದಿರುವುದನ್ನು ಮನೋವೈದ್ಯ ರೆನೆ ಸ್ಪಿಟ್ಜ್ 1946ರಲ್ಲೇ ಬರೆದಿದ್ದರು. ಆದರೆ ಅದು ತಾಯಿಯನ್ನು ಕಳೆದುಕೊಂಡ ಮಕ್ಕಳ ಕಥೆ ಎಂದು ಪಕ್ಕಕ್ಕೆ ಇಟ್ಟುಬಿಟ್ಟರು. ಅಪ್ಪ ಅಮ್ಮ ಇಬ್ಬರೂ ಇರುವ, ಹೊಟ್ಟೆ ತುಂಬ ಊಟ ಇರುವ ಮನೆಯ ಮಗುವಿಗೂ ಹೀಗಾಗುತ್ತದಾ ಎಂದು ಕೇಳಿದವರು ಕಡಿಮೆ.

ಲೂಬಿ ಅವರ ತಂಡ ಸೇಂಟ್ ಲೂಯಿಸ್ ಸುತ್ತಮುತ್ತಲಿನ ಡೇಕೇರ್‌ಗಳಿಂದ, ಮಕ್ಕಳ ಕ್ಲಿನಿಕ್‌ಗಳಿಂದ 3ರಿಂದ 5 ವರ್ಷದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿತು. ನಾಲ್ಕು ವರ್ಷದ ಮಗುವನ್ನು ಕೂರಿಸಿಕೊಂಡು ‘ನಿನಗೆ ಬೇಜಾರಾ?’ ಎಂದು ಕೇಳಿದರೆ ಏನು ಉತ್ತರ ಸಿಗುತ್ತದೆ? ಸುಮ್ನೆ ತಲೆ ಆಡಿಸುತ್ತದೆ, ಇಲ್ಲವೇ ಎದ್ದು ಓಡುತ್ತದೆ. ಅದಕ್ಕೆ ಅವರು ಎರಡು ಕೈಗೊಂಬೆ ಇಟ್ಟುಕೊಂಡರು. ಇಗ್ಗಿ ಒಂದು, ಜಿಗ್ಗಿ ಇನ್ನೊಂದು. ಒಂದು ಗೊಂಬೆ ‘ನಾನು ಬೇಜಾರಲ್ಲಿರ್ತೀನಿ’ ಅನ್ನುತ್ತದೆ. ಇನ್ನೊಂದು ‘ನಂಗೆ ಬೇಜಾರಾಗಲ್ಲ’ ಅನ್ನುತ್ತದೆ. ಆಮೇಲೆ ಮಗುವಿನ ಕಡೆ ತಿರುಗಿ ‘ನೀನು ಹೇಗೆ?’ ಎಂದು ಕೇಳುತ್ತವೆ. ಎರಡೂ ಉತ್ತರವನ್ನು ಗೊಂಬೆಗಳೇ ಹೇಳಿಬಿಟ್ಟಿರುವುದರಿಂದ ಯಾವುದು ಸರಿ, ಯಾವುದು ತಪ್ಪು ಎಂಬ ಭಯ ಮಗುವಿಗಿಲ್ಲ. ಇದರ ಜೊತೆಗೆ ಹೆತ್ತವರ ಜೊತೆ ಉದ್ದನೆಯ ಸಂದರ್ಶನ.

ಹೀಗೆ ನೋಡಿದಾಗ ಒಂದು ಲಕ್ಷಣ ಎದ್ದು ಕಂಡಿತು. ಖಿನ್ನತೆಯಲ್ಲಿರುವ ಪುಟ್ಟ ಮಕ್ಕಳು ದಿನವಿಡೀ ಮುಖ ಬಾಡಿಸಿಕೊಂಡು ಕೂರುವುದಿಲ್ಲ. ನಡುನಡುವೆ ನಗುತ್ತಾರೆ, ಓಡುತ್ತಾರೆ. ಹಾಗಾಗಿಯೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆಟದಲ್ಲಿ ಸಿಗಬೇಕಾದ ಖುಷಿ ಅವರಿಗೆ ಸಿಗುತ್ತಿರಲಿಲ್ಲ. ಗಮನ ಕೊಡಲಾಗದ, ತುಂಬ ಚಟುವಟಿಕೆಯ ಮಕ್ಕಳನ್ನೂ ಲೂಬಿ ಹೋಲಿಕೆಗೆ ಇಟ್ಟುಕೊಂಡಿದ್ದರು. ಆ ಮಕ್ಕಳಲ್ಲೂ, ಆರೋಗ್ಯವಂತ ಮಕ್ಕಳಲ್ಲೂ ಈ ಲಕ್ಷಣ ಇರಲಿಲ್ಲ. ಆಟವೇ ಬೇಡ ಅನ್ನುವ ಮಗುವನ್ನು ಕಂಡರೆ ಗಮನಿಸಿ ಎಂದು ಅವರು ಹೇಳಿದ್ದು ಇದೇ ಕಾರಣಕ್ಕೆ. ಆಟ ಎಂದರೆ ಆ ವಯಸ್ಸಿನ ಕೆಲಸ, ಊಟ, ಸ್ನೇಹ ಎಲ್ಲವೂ ಅಲ್ವಾ?

ತಪ್ಪಿತಸ್ಥ ಭಾವವೂ ಈ ಮಕ್ಕಳಲ್ಲಿ ಜಾಸ್ತಿ. ಯಾರೂ ಬೈಯದಿದ್ದರೂ ‘ನನ್ನಿಂದಲೇ ಹೀಗಾಯ್ತು’ ಎಂದು ತಮ್ಮ ಮೇಲೆ ಹೊತ್ತುಕೊಳ್ಳುವುದು. ಮುಂದೆ ಸೋಲು, ಶಿಕ್ಷೆಯ ಮಾತು ಬಂದಾಗ ಈ ಸಂಗತಿ ನೆನಪಿರಲಿ.

ಎಷ್ಟು ಮಕ್ಕಳಿಗೆ ಹೀಗಾಗುತ್ತದೆ? ಶಾಲೆ ಸೇರುವ ಮೊದಲಿನ ವಯಸ್ಸಿನಲ್ಲಿ ನೂರಕ್ಕೆ ಒಂದೆರಡು ಮಕ್ಕಳಿಗೆ ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ದೊಡ್ಡವರಾಗುತ್ತ ತಾನೇ ಸರಿಹೋಗುತ್ತದಾ? 2014ರಲ್ಲಿ ಪ್ರಕಟವಾದ ಲೆಕ್ಕ ನೋಡಿ. 246 ಮಕ್ಕಳನ್ನು ಆರು ವರ್ಷ ಹಿಂಬಾಲಿಸಿದ್ದರು. ಅವರಲ್ಲಿ 74 ಮಂದಿಗೆ ಮೂರರಿಂದ ಐದರ ವಯಸ್ಸಿನಲ್ಲಿ ಖಿನ್ನತೆ ಇತ್ತು. ಆ 74ರಲ್ಲಿ ಅರ್ಧದಷ್ಟು ಮಕ್ಕಳಿಗೆ ಮುಂದೆ ಶಾಲೆಯ ದಿನಗಳಲ್ಲೂ ಖಿನ್ನತೆ ಕಾಣಿಸಿತು. ಚಿಕ್ಕಂದಿನಲ್ಲಿ ಖಿನ್ನತೆ ಇಲ್ಲದ ಮಕ್ಕಳಲ್ಲಿ ಈ ಪ್ರಮಾಣ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ. ‘ಬೆಳೀತಾ ಸರಿಹೋಗ್ತಾನೆ ಬಿಡಿ’ ಎಂಬ ಮಾತು ಅರ್ಧದಷ್ಟು ಮಕ್ಕಳ ಪಾಲಿಗೆ ಸುಳ್ಳಾಯಿತು.

ಒಂದು ಸೆಕೆಂಡಿನ ಮೂರನೇ ಒಂದು ಭಾಗ

ಈಗ ಆಟಕ್ಕೆ ಬರೋಣ. ಈ ಬಾಗಿಲಿನ ಆಟವನ್ನು ಮೊದಲು ರೂಪಿಸಿದ್ದು ದೊಡ್ಡವರಿಗಾಗಿ. ಆ ರೂಪದಲ್ಲಿ ಗೆದ್ದರೆ 50 ಸೆಂಟ್ ಬರುತ್ತದೆ, ಸೋತರೆ 25 ಸೆಂಟ್ ಹೋಗುತ್ತದೆ. ಸೋಲಿಗೆ ಅರ್ಧ ಬೆಲೆ ಯಾಕೆ? ಕಳೆದುಕೊಂಡ ನೋವು ಅಷ್ಟೇ ಗಳಿಸಿದ ಖುಷಿಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ ಎಂದು ಮನಶ್ಶಾಸ್ತ್ರದಲ್ಲಿ ಮೊದಲೇ ಗೊತ್ತಿತ್ತು. ಎರಡರ ತೂಕ ಸಮ ಮಾಡಲು ಹಾಗೆ ಇಟ್ಟರು. ಗೆಲುವು ಎಷ್ಟು ಸಲ, ಸೋಲು ಎಷ್ಟು ಸಲ ಎನ್ನುವುದೂ ಮೊದಲೇ ತೀರ್ಮಾನ ಆಗಿರುತ್ತದೆ, ಅರ್ಧ ಅರ್ಧ. ಜಾಣತನಕ್ಕೆ ಇಲ್ಲಿ ಜಾಗವೇ ಇಲ್ಲ. ಚುರುಕಾದ ಮಗು ಜಾಸ್ತಿ ಗೆದ್ದು, ಮಂಕಾದ ಮಗು ಜಾಸ್ತಿ ಸೋತು ಲೆಕ್ಕ ಕೆಡುವ ಹಾಗಿಲ್ಲ. ಎಲ್ಲರಿಗೂ ಸಿಗುವ ಸುದ್ದಿ ಒಂದೇ, ಆ ಸುದ್ದಿಗೆ ಮಿದುಳು ಏನು ಉತ್ತರ ಕೊಡುತ್ತದೆ ಎನ್ನುವುದಷ್ಟೇ ಬೇರೆ.

ಬಾಗಿಲು ಆರಿಸಿದ ಮೇಲೆ ಪರದೆಯಲ್ಲಿ ಗುರುತು ಮೂಡುತ್ತದೆ, ಗೆಲುವೋ ಸೋಲೋ. ಅದಾಗಿ ಒಂದು ಸೆಕೆಂಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಅಂದರೆ ಸುಮಾರು 250ರಿಂದ 350 ಮಿಲಿಸೆಕೆಂಡ್ ನಡುವೆ, ನೆತ್ತಿಯ ಸ್ವಲ್ಪ ಮುಂದೆ ಇಟ್ಟ ಎಲೆಕ್ಟ್ರೋಡ್‌ಗಳಲ್ಲಿ ವಿದ್ಯುತ್ತಿನ ಒಂದು ಸಣ್ಣ ಅಲೆ ಏಳುತ್ತದೆ. ಗೆದ್ದಾಗ ಒಂದು ಬಗೆ, ಸೋತಾಗ ಇನ್ನೊಂದು ಬಗೆ. ಗೆಲುವಿಗೆ ಏಳುವ ಅಲೆಗೆ ರಿವಾರ್ಡ್ ಪಾಸಿಟಿವಿಟಿ ಎಂದು ಹೆಸರು. ಮಗುವಿಗೆ ನಾನು ಗೆದ್ದೆ ಎಂದು ಯೋಚಿಸಿ, ನಗಲು, ಚಪ್ಪಾಳೆ ತಟ್ಟಲು ಇನ್ನೂ ಸಮಯ ಬೇಕು. ಅದಕ್ಕೂ ಮೊದಲೇ ಈ ಅಲೆ ಬಂದು ಹೋಗಿರುತ್ತದೆ. ಆದ್ದರಿಂದ ಇದರಲ್ಲಿ ನಟನೆಗೆ ಅವಕಾಶ ಇಲ್ಲ. ಅಮ್ಮನಿಗೆ ಬೇಜಾರಾಗದಿರಲಿ ಎಂದು ನಗುವ ಮಗುವಿನಲ್ಲೂ ಅಲೆ ಇದ್ದಷ್ಟೇ ಇರುತ್ತದೆ.

ಫಲಿತಾಂಶ ಹೀಗಿತ್ತು. ಗೆದ್ದಾಗ ಖಿನ್ನತೆ ಇರುವ ಮಕ್ಕಳ ಅಲೆ ಆರೋಗ್ಯವಂತ ಮಕ್ಕಳಿಗಿಂತ ಚಿಕ್ಕದು. ಸೋತಾಗ ಎರಡೂ ಗುಂಪಿನ ಉತ್ತರ ಹೆಚ್ಚುಕಡಿಮೆ ಒಂದೇ.

ಈ ಎರಡನೇ ವಾಕ್ಯದ ಹತ್ತಿರ ಸ್ವಲ್ಪ ನಿಲ್ಲಬೇಕು. ಪತ್ರಿಕೆಗಳಲ್ಲಿ ಬಂದ ಸುದ್ದಿಯಲ್ಲೆಲ್ಲ ಮೊದಲ ವಾಕ್ಯಕ್ಕೇ ಜಾಗ ಸಿಕ್ಕಿತು. ನನಗೆ ಎರಡನೆಯದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಖಿನ್ನತೆಯಲ್ಲಿ ಇಡೀ ಮಿದುಳೇ ಮಂಕಾಗಿದ್ದರೆ ಗೆಲುವೂ ಮಂಕು, ಸೋಲೂ ಮಂಕು ಆಗಬೇಕಿತ್ತು. ಹಾಗಾಗಲಿಲ್ಲ. ಮಗು ಪರದೆ ನೋಡುತ್ತಿತ್ತು, ಆಟ ಅರ್ಥವಾಗಿತ್ತು, ಸೋತದ್ದು ಎಲ್ಲರ ಹಾಗೇ ತಟ್ಟಿತು. ಗೆದ್ದದ್ದು ಮಾತ್ರ ಅಷ್ಟಾಗಿ ತಟ್ಟಲಿಲ್ಲ. ಜಮಾ ಕಡಿಮೆಯಾಗಿ ಖರ್ಚು ಹಾಗೇ ಉಳಿದ ಮನೆಯ ಲೆಕ್ಕದಂತೆ, ದಿನ ದಿನ ಕಳೆದ ಹಾಗೆಲ್ಲ ಉಳಿತಾಯ ಕರಗುತ್ತ ಹೋಗುತ್ತದೆ. ಒಂದು ಮಗುವಿನ ಒಂದು ದಿನದಲ್ಲಿ ಸಣ್ಣ ಗೆಲುವು, ಸಣ್ಣ ಸೋಲು ಎಷ್ಟಿರುತ್ತವೆ ಯೋಚಿಸಿ. ಬ್ಲಾಕ್ ಜೋಡಿಸಿದ್ದು ನಿಂತಿತು, ಬಿತ್ತು. ಅಕ್ಕ ಆಟಕ್ಕೆ ಸೇರಿಸಿಕೊಂಡಳು, ಬಿಟ್ಟಳು. ಟೀಚರ್ ‘ಗುಡ್’ ಅಂದರು, ಅನ್ನಲಿಲ್ಲ. ಬೇರೆ ಮಕ್ಕಳಿಗೆ ಇವು ಒಂದಕ್ಕೊಂದು ಸರಿದೂಗುತ್ತವೆ. ಈ ಮಗುವಿಗೆ ದೂಗುವುದಿಲ್ಲ.

ಹಾಗಾದರೆ ಶಿಕ್ಷೆ?

ಇದೇ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್ ಲೂಕಿಂಗ್ ಮತ್ತು ಸಂಗಡಿಗರು ಇನ್ನೊಂದು ಅಧ್ಯಯನ ಮಾಡಿದರು. ಅದೂ 2016ರಲ್ಲಿ ಪ್ರಕಟವಾಯಿತು. ಇಲ್ಲಿ 7ರಿಂದ 11 ವರ್ಷದ ಮಕ್ಕಳು, ಎಂ.ಆರ್.ಐ. ಯಂತ್ರದೊಳಗೆ ಮಲಗಿ ಆಟ ಆಡಿದರು. ಕಾರ್ಡಿನ ಹಿಂದಿರುವ ಸಂಖ್ಯೆ 5ಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಊಹಿಸಬೇಕು. ಸರಿಯಾದರೆ ಕ್ಯಾಂಡಿ ಸೇರುತ್ತದೆ, ತಪ್ಪಾದರೆ ಇದ್ದ ಕ್ಯಾಂಡಿ ಹೋಗುತ್ತದೆ. ದುಡ್ಡು, ಪಾಯಿಂಟ್‌ಗಿಂತ ಮಕ್ಕಳಿಗೆ ಕ್ಯಾಂಡಿಯೇ ಬೇಗ ತಟ್ಟುವ ಬಹುಮಾನ, ಅದರಲ್ಲೇನು ಅನುಮಾನ!

ಈ ಮಕ್ಕಳಲ್ಲಿ ಯಾರಿಗೂ ಖಿನ್ನತೆ ಇರಲಿಲ್ಲ. ಆದರೆ ಕೆಲವರ ತಾಯಂದಿರಿಗೆ ಹಿಂದೆ ಖಿನ್ನತೆ ಬಂದಿತ್ತು. ತಾಯಿಗೆ ಬಂದಿದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು ಎಂಬುದು ತಿಳಿದ ವಿಷಯ. ಆ ತಾಯಂದಿರ ಮಕ್ಕಳಲ್ಲಿ ಗೆಲುವಿಗೆ ಮಿದುಳಿನ ಉತ್ತರ ಕಡಿಮೆ, ಸೋಲಿಗೆ ಉತ್ತರ ಜಾಸ್ತಿ. ಕಾಯಿಲೆ ಇನ್ನೂ ಬಂದಿಲ್ಲ, ಬರಲೇಬೇಕು ಅಂತಲೂ ಇಲ್ಲ, ಆದರೂ ತಕ್ಕಡಿ ಆಗಲೇ ಒಂದು ಕಡೆ ವಾಲಿದೆ.

ಎರಡು ಅಧ್ಯಯನದ ಉತ್ತರ ಸೋಲಿನ ವಿಷಯದಲ್ಲಿ ಒಂದೇ ಆಗಿಲ್ಲ. ಒಂದರಲ್ಲಿ ಸೋಲು ಎಲ್ಲರ ಹಾಗೇ ತಟ್ಟಿತು, ಇನ್ನೊಂದರಲ್ಲಿ ಹೆಚ್ಚಾಗಿ ತಟ್ಟಿತು. ವಯಸ್ಸು ಬೇರೆ, ಅಳತೆಯ ಯಂತ್ರ ಬೇರೆ, ಒಂದು ಕಡೆ ಖಿನ್ನತೆ ಬಂದ ಮಕ್ಕಳು, ಇನ್ನೊಂದು ಕಡೆ ಬರಬಹುದಾದ ಮಕ್ಕಳು. ಇಷ್ಟೆಲ್ಲ ವ್ಯತ್ಯಾಸ ಇರುವಾಗ ಎರಡನ್ನೂ ಎಳೆದು ತಂದು ಒಂದೇ ಮಾತು ಹೇಳಿಸಬಾರದು. ಆದರೆ ಎರಡರಲ್ಲೂ ಗೆಲುವಿನ ಖುಷಿ ಕಡಿಮೆ. ಎರಡರಲ್ಲೂ ಸೋಲಿನ ನೋವು ಮಾತ್ರ ಕಡಿಮೆ ಆಗಿಲ್ಲ. ಇಷ್ಟನ್ನು ಗಟ್ಟಿಯಾಗಿ ಹೇಳಬಹುದು.

ಇಲ್ಲಿಂದ ಮುಂದಿನ ಮಾತು ನನ್ನ ಓದು, ಪ್ರಯೋಗದ ಫಲಿತಾಂಶ ಅಲ್ಲ. ನಮ್ಮ ಮನೆಗಳಲ್ಲಿ ಮಗು ಮಂಕಾದಾಗ ಸಾಮಾನ್ಯವಾಗಿ ಏನು ನಡೆಯುತ್ತದೆ? ಮೊದಲು ಆಸೆ ತೋರಿಸುತ್ತೇವೆ. ‘ಹೋಂವರ್ಕ್ ಮಾಡು, ಐಸ್‌ಕ್ರೀಂ ಕೊಡಿಸ್ತೀನಿ.’ ಮಗುವಿಗೆ ಐಸ್‌ಕ್ರೀಂ ಕೂಡ ಅಂಥ ದೊಡ್ಡ ವಿಷಯ ಅನ್ನಿಸುವುದಿಲ್ಲ. ಆಗ ಹೆತ್ತವರಿಗೆ ಸಿಟ್ಟು ಬರುತ್ತದೆ. ‘ಮುದ್ದು ಜಾಸ್ತಿ ಆಯ್ತು, ಇವನಿಗೆ ಏಟೇ ಸರಿ.’ ದಂಡಂ ದಶಗುಣಂ ಎಂಬ ಗಾದೆ ನಮ್ಮ ನಾಲಿಗೆ ತುದಿಯಲ್ಲೇ ಇದೆ. ಗದರಿದರೆ, ಹೊಡೆದರೆ ಮಗು ಕೂಡಲೇ ಎದ್ದು ಹೇಳಿದ ಕೆಲಸ ಮಾಡುತ್ತದೆ. ‘ನೋಡಿದ್ರಾ, ಬೈದ್ರೆ ಮಾಡ್ತಾನೆ’ ಎಂದು ನಾವು ಸಮಾಧಾನ ಪಡುತ್ತೇವೆ. ಆದರೆ ಬಹುಮಾನದ ದಾರಿ ಮಸುಕಾಗಿ, ನೋವಿನ ದಾರಿ ಮಾತ್ರ ತೆರೆದಿರುವ ಮಗು ಹಾಗಲ್ಲದೆ ಇನ್ನು ಹೇಗೆ ನಡೆದುಕೊಳ್ಳಬೇಕು? ತಪ್ಪನ್ನೆಲ್ಲ ತನ್ನ ಮೇಲೆ ಹೊತ್ತುಕೊಳ್ಳುವ ಸ್ವಭಾವ ಬೇರೆ. ಪ್ರತಿ ಏಟೂ ಅದರ ಲೆಕ್ಕದಲ್ಲಿ ಸರಿಯಾಗಿ ಜಮೆಯಾಗುತ್ತದೆ. ಶಿಕ್ಷೆ ಕೆಲಸ ಮಾಡುತ್ತಿದೆ ಎಂದು ನಮಗೆ ಅನ್ನಿಸುವ ಹೊತ್ತಿನಲ್ಲೇ ಮಗು ಇನ್ನಷ್ಟು ಕುಸಿಯುತ್ತಿರಬಹುದು. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು, ಮಾನಸಿಕ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಯೊಳಗೆ ಆ ಕಾಯ್ದೆ ಬರುವುದಿಲ್ಲ.

ಉಡುಗೊರೆಯ ಪೊಟ್ಟಣ

ಲೂಬಿ ತಂಡದ ಇನ್ನೊಂದು ಕೆಲಸ ಇಲ್ಲಿ ಹೇಳಲೇಬೇಕು. ಒಂದು ಕೋಣೆ. ತಾಯಿ ಯಾವುದೋ ಫಾರಂ ತುಂಬುತ್ತಿದ್ದಾರೆ. ಮಗುವಿನ ಕೈಗೆ ಎಟುಕುವಂತೆ ಬಣ್ಣದ ಕಾಗದ ಸುತ್ತಿದ ಉಡುಗೊರೆ ಇದೆ. ಅಮ್ಮನ ಕೆಲಸ ಮುಗಿಯುವ ತನಕ ತೆರೆಯಬಾರದು. ಎಂಟು ನಿಮಿಷ. ದೊಡ್ಡವರಿಗೆ ಎಂಟು ನಿಮಿಷ ಏನೂ ಅಲ್ಲ, ನಾಲ್ಕು ವರ್ಷದವರಿಗೆ ಅದು ಒಂದು ಯುಗ. ಮಗು ಪೀಡಿಸುತ್ತದೆ, ಅಮ್ಮನಿಗೆ ಕೆಲಸ ಮುಗಿಸುವ ಒತ್ತಡ. ಆ ಒತ್ತಡದಲ್ಲೂ ತಾಯಿ ಮಗುವಿಗೆ ಧೈರ್ಯ ಹೇಳಿ, ಸಮಾಧಾನ ಮಾಡಿ ಕಾಯಿಸುತ್ತಾಳಾ, ಅಥವಾ ಗದರಿ ಕೂರಿಸುತ್ತಾಳಾ? ಇದನ್ನು ವಿಡಿಯೊದಲ್ಲಿ ನೋಡಿ ಅಳೆದರು. ಕೆಲವು ವರ್ಷಗಳ ನಂತರ ಅದೇ ಮಕ್ಕಳ ಮಿದುಳಿನ ಎಂ.ಆರ್.ಐ. ತೆಗೆದರು. 92 ಮಕ್ಕಳ ಈ ಫಲಿತಾಂಶ 2012ರಲ್ಲಿ ಬಂತು. ಸಮಾಧಾನದಿಂದ ಜೊತೆಗಿದ್ದ ತಾಯಂದಿರ ಮಕ್ಕಳಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಸುಮಾರು ನೂರಕ್ಕೆ ಹತ್ತರಷ್ಟು ದೊಡ್ಡದಾಗಿತ್ತು. ನೆನಪಿಗೂ ಒತ್ತಡ ತಡೆದುಕೊಳ್ಳುವುದಕ್ಕೂ ಬೇಕಾದ ಭಾಗ ಅದು.

ಆದರೆ ಇದು ಖಿನ್ನತೆ ಇಲ್ಲದ ಮಕ್ಕಳ ಮಾತು. ಆಗಲೇ ಖಿನ್ನತೆ ಇದ್ದ ಮಕ್ಕಳಲ್ಲಿ ತಾಯಿಯ ಆಸರೆಯಿಂದ ಇಷ್ಟು ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯದು ಸಿಕ್ಕರೂ ಅದು ಒಳಗೆ ಇಳಿಯುತ್ತಿಲ್ಲ ಎಂಬ ಅನುಮಾನಕ್ಕೆ ಇದೂ ಹೊಂದುತ್ತದೆ. ‘ನಾವೇನು ಪ್ರೀತಿ ಕಡಿಮೆ ಮಾಡಿದ್ವಾ?’ ಎಂದು ಕಣ್ಣಲ್ಲಿ ನೀರು ತುಂಬಿಕೊಳ್ಳುವ ಅಪ್ಪ ಅಮ್ಮಂದಿರಿಗೆ ಈ ಮಾತು ಗೊತ್ತಿರಬೇಕು. ನೀವು ಕೊಡುವ ಪ್ರೀತಿ ಕಡಿಮೆಯಾಗಿಲ್ಲದಿರಬಹುದು, ಅದು ಮಗುವಿಗೆ ತಲುಪುವ ದಾರಿಗೆ ನೆರವು ಬೇಕಾಗಿರಬಹುದು.

ಹೆತ್ತವರ ಕಿವಿಯಲ್ಲಿ ಒಂದು ಪುಟ್ಟ ಸ್ಪೀಕರ್

ಚಿಕಿತ್ಸೆಗೆ ಅವರು ಮಾತ್ರೆಯ ದಾರಿ ಹಿಡಿಯಲಿಲ್ಲ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ ಒಂದು ವಿಧಾನ ಇತ್ತು. ಮಗು ಮತ್ತು ಹೆತ್ತವರು ಒಂದು ಕೋಣೆಯಲ್ಲಿ ಆಡುತ್ತಾರೆ. ಥೆರಪಿಸ್ಟ್ ಗಾಜಿನ ಆಚೆ ನಿಂತು ನೋಡುತ್ತಾರೆ, ಅಮ್ಮನ ಅಥವಾ ಅಪ್ಪನ ಕಿವಿಯಲ್ಲಿರುವ ಪುಟ್ಟ ಸ್ಪೀಕರ್ ಮೂಲಕ ಆ ಕ್ಷಣದಲ್ಲೇ ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಹೇಳಿಕೊಡುತ್ತಾರೆ. ಹಠಮಾರಿ ಮಕ್ಕಳಿಗಾಗಿ ಮಾಡಿದ್ದ ಈ ವಿಧಾನಕ್ಕೆ ಲೂಬಿ ತಂಡ ಭಾವನೆಗಳನ್ನು ಕಲಿಸುವ ಭಾಗ ಸೇರಿಸಿತು. ಒಟ್ಟು 18 ವಾರ, 20 ಭೇಟಿ.

ಸೇರಿಸಿದ ಭಾಗದಲ್ಲಿ ಆ ಉಡುಗೊರೆಯ ಪೊಟ್ಟಣ ಮತ್ತೆ ಬರುತ್ತದೆ. ಮುಂಚೆ ಅದು ಅಳತೆಗೆ ಇತ್ತು, ಈಗ ಕಲಿಕೆಗೆ. ಬೇಕೆಂದೇ ಪೊಟ್ಟಣ ಇಟ್ಟು ಕಾಯಿಸುತ್ತಾರೆ. ಮಗುವಿಗೆ ಸಿಟ್ಟು ಬರುತ್ತದೆ, ಅಳು ಬರುತ್ತದೆ. ಆಗ ಕಿವಿಯಲ್ಲಿ ಥೆರಪಿಸ್ಟ್ ದನಿ. ಅಮ್ಮ ಅದನ್ನು ಕೇಳುತ್ತ ಮಗುವಿನ ಮಟ್ಟಕ್ಕೆ ಬಗ್ಗಿ, ‘ಕಾಯೋದು ಕಷ್ಟ ಆಗ್ತಿದೆ ಅಲ್ವಾ?’ ಎಂದು ಭಾವನೆಗೆ ಹೆಸರು ಕೊಡುತ್ತಾಳೆ. ಹಾಗೇ ಖುಷಿಯ ಹೊತ್ತಿನಲ್ಲೂ. ಮಗು ಸಣ್ಣದಾಗಿ ನಕ್ಕರೂ ಅದನ್ನು ಹಿಡಿದುಕೊಂಡು, ಜೊತೆ ಸೇರಿ, ಸ್ವಲ್ಪ ಹೊತ್ತು ಉಳಿಸಲು ಕಲಿಸುತ್ತಾರೆ. ಈ ಎರಡನೆಯದು ನಮ್ಮ ಕಡೆ ಅಪರೂಪ. ಅಳುವ ಮಗುವನ್ನು ಸಮಾಧಾನ ಮಾಡುವುದು ನಮಗೆ ಗೊತ್ತು. ನಗುವ ಮಗುವಿನ ಪಕ್ಕ ಕೂತು ಆ ನಗುವನ್ನು ಬೆಳೆಸುವುದಕ್ಕೆ ಪುರುಸೊತ್ತು ಮಾಡಿಕೊಳ್ಳುವುದಿಲ್ಲ. ‘ನಗ್ತಾ ಇದ್ದಾನೆ, ಇನ್ನೇನು’ ಎಂದು ಮೊಬೈಲ್ ಕಡೆ ತಿರುಗುತ್ತೇವೆ.

229 ಮಕ್ಕಳು ಮತ್ತು ಅವರ ಹೆತ್ತವರು ಈ ಪರೀಕ್ಷೆಯಲ್ಲಿದ್ದರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೂಡಲೇ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪು ಕಾಯಬೇಕಾಯಿತು, ಆಮೇಲೆ ಅವರಿಗೂ ಚಿಕಿತ್ಸೆ ಸಿಕ್ಕಿತು. 2018ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಖಿನ್ನತೆ ತುಂಬ ಕಡಿಮೆಯಾಗಿತ್ತು. ಹೆತ್ತವರ ಒತ್ತಡ, ಅವರದೇ ಖಿನ್ನತೆಯ ಲಕ್ಷಣಗಳೂ ಇಳಿದಿದ್ದವು. ಮಗುವಿಗಾಗಿ ಬಂದವರು ತಾವೂ ಹಗುರಾಗಿ ಹೋದರು.

ಇನ್ನು ಮಿದುಳಿನ ಅಲೆ. ಇದೇ ಪರೀಕ್ಷೆಯ ಸುಮಾರು 120 ಮಕ್ಕಳಿಗೆ ಚಿಕಿತ್ಸೆಯ ಮೊದಲು, ಆಮೇಲೆ ಬಾಗಿಲಿನ ಆಟ ಆಡಿಸಿ ಅಳೆದರು. ಚಿಕಿತ್ಸೆ ಪಡೆದವರಲ್ಲಿ ಗೆಲುವಿಗೆ ಏಳುವ ಅಲೆ ಕಾಯುತ್ತಿದ್ದವರಿಗಿಂತ ಹೆಚ್ಚು ಬೆಳೆದಿತ್ತು. ಒಂದು ಮಾತ್ರೆ ಇಲ್ಲದೆ, ಅಪ್ಪ ಅಮ್ಮ ಜೊತೆಗೆ ಕೂತು ಆಡಿದ್ದರಿಂದ, ಮಾತಾಡಿದ್ದರಿಂದ ಮಿದುಳಿನ ವಿದ್ಯುತ್ತಿನಲ್ಲಿ ಬದಲಾವಣೆ ಕಂಡಿತು. ನಾನು ಇದನ್ನು ಓದಿದಾಗ ತುಂಬ ಹೊತ್ತು ಅದೇ ಪುಟದಲ್ಲಿ ಉಳಿದೆ.

ಎಲ್ಲಿ ಹುಷಾರಾಗಿರಬೇಕು

ಇಲ್ಲೊಂದು ತೊಡಕು ಇದೆ, ಮುಚ್ಚಿಡುವುದು ಸರಿಯಲ್ಲ. ಚಿಕಿತ್ಸೆಯಿಂದ ಅಲೆ ಬೆಳೆಯಿತು, ಖಿನ್ನತೆ ಇಳಿಯಿತು. ಆದರೆ ಯಾವ ಮಗುವಿನ ಅಲೆ ಎಷ್ಟು ಬೆಳೆಯಿತೋ ಆ ಮಗುವಿನ ಖಿನ್ನತೆ ಅಷ್ಟು ಇಳಿಯಿತು ಎಂಬ ಸಂಬಂಧ ಸಿಗಲಿಲ್ಲ. ಹಾಗಾಗಿ ಅಲೆ ಸರಿಯಾದ್ದರಿಂದಲೇ ಖಿನ್ನತೆ ಹೋಯಿತು ಎನ್ನುವ ಹಾಗಿಲ್ಲ. ಎರಡೂ ಬೇರೆ ಬೇರೆ ವೇಗದಲ್ಲಿ ಸರಿಹೋಗುತ್ತಿರಬಹುದು. ಜೊತೆಗೆ, ಕಾಯುತ್ತಿದ್ದ ಗುಂಪಿಗೆ ಆ ಅವಧಿಯಲ್ಲಿ ಬೇರೆ ಯಾವ ಚಿಕಿತ್ಸೆಯೂ ಇರಲಿಲ್ಲ. ಯಾರೋ ಒಬ್ಬರು ವಾರವಾರ ಕಾಳಜಿಯಿಂದ ಮಾತಾಡಿಸಿದ್ದರ ಫಲ ಎಷ್ಟು, ಈ ವಿಧಾನದ್ದೇ ಫಲ ಎಷ್ಟು ಎಂದು ಇದೊಂದೇ ಪರೀಕ್ಷೆಯಿಂದ ಬಿಡಿಸಲು ಆಗುವುದಿಲ್ಲ.

ಇನ್ನೊಂದು, ಇವೆಲ್ಲ ಗುಂಪಿನ ಸರಾಸರಿ. ಖಿನ್ನತೆ ಇರುವ ಒಂದು ಮಗುವಿನ ಅಲೆ ದೊಡ್ಡದಿರಬಹುದು, ಆರೋಗ್ಯವಂತ ಮಗುವಿನ ಅಲೆ ಚಿಕ್ಕದಿರಬಹುದು. ಟೋಪಿ ಹಾಕಿ ಅಲೆ ಅಳೆದು ‘ನಿಮ್ಮ ಮಗುವಿಗೆ ಖಿನ್ನತೆ ಇದೆ’ ಎಂದು ಹೇಳುವ ಪರೀಕ್ಷೆ ಇದಲ್ಲ. ಯಾರಾದರೂ ಹಾಗೆ ಹೇಳಿ ದುಡ್ಡು ಕೇಳಿದರೆ ನಂಬಬೇಡಿ. ಖಿನ್ನತೆಯನ್ನು ಗುರುತಿಸುವುದು ಇವತ್ತಿಗೂ ಮಗುವಿನ ಜೊತೆ, ಹೆತ್ತವರ ಜೊತೆ ಕೂತು ಮಾತಾಡಿಯೇ.

ಮೊದಲು ಯಾವುದು, ಆಮೇಲೆ ಯಾವುದು ಎಂಬ ಪ್ರಶ್ನೆಗೆ ಬೇರೆ ಕಡೆಯಿಂದ ಸ್ವಲ್ಪ ಬೆಳಕು ಸಿಕ್ಕಿದೆ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ ಖಿನ್ನತೆ ಒಮ್ಮೆಯೂ ಬಾರದ ಹದಿಹರೆಯದ ಹುಡುಗಿಯರಲ್ಲಿ ಇದೇ ಅಲೆ ಅಳೆದಿದ್ದರು. ಮುಂದೆ ಖಿನ್ನತೆ ಬಂದ ಹುಡುಗಿಯರಲ್ಲಿ ಅಲೆ ಮೊದಲೇ ಚಿಕ್ಕದಿತ್ತು. ಯುರೋಪಿನ ಇಮ್ಯಾಜೆನ್ ಅಧ್ಯಯನದಲ್ಲೂ 14ರ ವಯಸ್ಸಿನಲ್ಲಿ ಬಹುಮಾನಕ್ಕೆ ಕಾಯುವಾಗ ಮಿದುಳಿನ ವೆಂಟ್ರಲ್ ಸ್ಟ್ರಯೇಟಮ್ ಎಂಬ ಭಾಗ ಮಂಕಾಗಿದ್ದವರಿಗೆ ಮುಂದೆ ಖಿನ್ನತೆಯ ಸಂಭವ ಹೆಚ್ಚಿತ್ತು. ಖಿನ್ನತೆ ಬಂದು ಖುಷಿಯನ್ನು ಅಳಿಸುತ್ತದೆ ಎಂದಷ್ಟೇ ಅಂದುಕೊಂಡಿದ್ದೆವು. ಕೆಲವರಲ್ಲಿ ಖುಷಿಯ ದಾರಿ ಮೊದಲೇ ಕಿರಿದಾಗಿದ್ದು ಖಿನ್ನತೆ ಆಮೇಲೆ ಬರಬಹುದು ಅಂತಲೂ ಈಗ ಕಾಣುತ್ತಿದೆ.

ನಮ್ಮ ಕಡೆಯ ಮಾತು

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇರುವುದು ಕಂಡಿತು. ಆ ಸಮೀಕ್ಷೆ 13ಕ್ಕಿಂತ ಕೆಳಗಿನವರನ್ನು ಎಣಿಸಲಿಲ್ಲ. ಅಂಗನವಾಡಿಗೆ, ಎಲ್.ಕೆ.ಜಿ.ಗೆ ಹೋಗುವ ಮಕ್ಕಳು ಲೆಕ್ಕಕ್ಕೇ ಬಂದಿಲ್ಲ. ಈ ಕೊರತೆ ತುಂಬಬೇಕು ಎಂದು ನಾನು ಕೇಳಿದವರಲ್ಲೆಲ್ಲ ಹೇಳುತ್ತಿರುತ್ತೇನೆ.

ಮನೆಯಲ್ಲಿ ಏನು ನೋಡಬೇಕು? ಒಂದು ದಿನದ ಮುನಿಸು, ಹೊಸ ಶಾಲೆಯ ಅಳು, ತಮ್ಮ ತಂಗಿ ಹುಟ್ಟಿದಾಗಿನ ಹೊಟ್ಟೆಕಿಚ್ಚು ಇವಕ್ಕೆಲ್ಲ ಹೆದರಬೇಡಿ. ಮುಂಚೆ ಕುಣಿಯುತ್ತಿದ್ದ ಮಗು ವಾರಗಟ್ಟಲೆ ಆಟಿಕೆ, ಉಡುಗೊರೆ, ಅಜ್ಜಿ ಮನೆ, ಯಾವುದಕ್ಕೂ ಮುಖ ಅರಳಿಸದಿದ್ದರೆ, ಜೊತೆಗೆ ನಿದ್ದೆ ಊಟ ಕೆಟ್ಟಿದ್ದರೆ, ಸಣ್ಣ ತಪ್ಪಿಗೂ ತನ್ನನ್ನೇ ಬೈದುಕೊಳ್ಳುತ್ತಿದ್ದರೆ, ಆಟದಲ್ಲಿ ಸಾವಿನ ಮಾತೇ ಮತ್ತೆ ಮತ್ತೆ ಬರುತ್ತಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಕಂಡದ್ದನ್ನು ಕಂಡ ಹಾಗೆ ಹೇಳಿ. ‘ತುಂಬ ಒಳ್ಳೆ ಮಗು, ಗಲಾಟೆನೇ ಇಲ್ಲ’ ಎಂದು ಎಲ್ಲರೂ ಹೊಗಳುತ್ತಿರುವ ಮಗುವನ್ನೂ ಈ ಕಣ್ಣಿನಿಂದ ಒಮ್ಮೆ ನೋಡಿ. ಗಲಾಟೆ ಮಾಡುವ ಮಗುವನ್ನು ಯಾರಾದರೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಸುಮ್ಮನಿರುವ ಮಗು ಹಿಂದೆ ಉಳಿಯುತ್ತದೆ.

ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಮೀಸಲಾದ ಮನೋವೈದ್ಯ ವಿಭಾಗ ಇದೆ. ಅಷ್ಟು ದೂರ ಬರಲಾಗದವರು 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸೇಂಟ್ ಲೂಯಿಸ್‌ನ ಚಿಕಿತ್ಸೆಯ ಮಕ್ಕಳಿಂದ ಇನ್ನೊಂದು ಸಂಗತಿ ತಿಳಿದುಬಂತು. ಅವರಿಗೆ ಬಾಗಿಲಿನ ಆಟದ ಜೊತೆ ಚಿತ್ರಗಳನ್ನೂ ತೋರಿಸಿದ್ದರು, ಕೆಲವು ಖುಷಿ ಕೊಡುವಂಥವು, ಕೆಲವು ಸಾದಾ. ಚಿಕಿತ್ಸೆ ಶುರುವಾಗುವ ಮೊದಲೇ ಖುಷಿಯ ಚಿತ್ರಗಳಿಗೆ ಯಾವ ಮಕ್ಕಳ ಮಿದುಳು ಹೆಚ್ಚು ಸ್ಪಂದಿಸಿತ್ತೋ ಆ ಮಕ್ಕಳು ಖಿನ್ನತೆಯಿಂದ ಹೊರಬರುವ ಸಂಭವ ಹೆಚ್ಚಿತ್ತು. ಅಷ್ಟು ಸ್ಪಂದಿಸದ ಮಕ್ಕಳಿಗೆ ಇದೇ ಚಿಕಿತ್ಸೆಯನ್ನು ಇನ್ನೂ ಉದ್ದ ಕೊಡಬೇಕಾ, ಅಥವಾ ಖುಷಿಯನ್ನು ಬೆಳೆಸುವ ಭಾಗವನ್ನೇ ಮೊದಲಿಗೆ ತರಬೇಕಾ? ಮುಂದಿನ ಕೆಲಸ ಆಗಬೇಕಿರುವುದು ಈ ಮಕ್ಕಳಿಗಾಗಿ.